ಜಪಾನಿನಲ್ಲಿ ಮೂರು ವಾರ, ಸಸ್ಯಾಹಾರಿ ಅಡುಗೆಮನೆ: ದಾಶಿ, ಪೊಟ್ಟಣದ ಅಕ್ಷರ, ಹಾಲು-ಮೊಸರು, ಒಲೆ, ಕಸ

ಅಕ್ಕಿರೊಟ್ಟಿ
ಏಪ್ರಿಲ್‌ನಲ್ಲಿ ನಾಲ್ಕು ಜನ ಹೊರಟಿದ್ದೇವೆ. ಟೋಕಿಯೊದಲ್ಲಿ 12 ದಿನ ಅಡುಗೆಮನೆ ಇರುವ ಬಾಡಿಗೆ ಮನೆ, ಕ್ಯೋಟೊದಲ್ಲಿ 5 ದಿನ, ಕೊಯಾಸಾನ್ ದೇವಸ್ಥಾನದಲ್ಲಿ 2 ರಾತ್ರಿ. ಎಲ್ಲರೂ ಸಸ್ಯಾಹಾರಿಗಳು, ಇಬ್ಬರಿಗೆ ಮೊಟ್ಟೆಯೂ ಆಗಲ್ಲ, ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೊಸರು ಮಾತ್ರ ದಿನಾ ಬೇಕು. "ಟೋಫು ತಿನ್ನೋ ದೇಶ, ಚಿಂತೆ ಯಾಕೆ" ಅಂತ ಕೆಲವರು, "ಬಾಳೆಹಣ್ಣು ತಿಂದ್ಕೊಂಡು ಬನ್ನಿ" ಅಂತ ಉಳಿದವರು. ಗೊತ್ತಿರುವವರು ಸರಿಯಾಗಿ ಹೇಳಿ: ಹೋಟೆಲಲ್ಲಿ ಏನು ಕೇಳಬೇಕು, ಅಂಗಡಿಯಲ್ಲಿ ಏನು ನೋಡಬೇಕು, ಮಿಕ್ಸಿ ಒಯ್ಯಬಹುದೇ?

ಹಿತ್ತಲಗಿಡ
ಮೊದಲು ದಾಶಿ ಏನು ಅಂತ ತಿಳ್ಕೊಳ್ಳಿ, ಮುಕ್ಕಾಲು ಪ್ರಶ್ನೆ ಅಲ್ಲೇ ಬಗೆಹರಿಯುತ್ತೆ. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ತಿಳಿಯಾದ, ತೆಳು ಹೊಂಬಣ್ಣದ ಒಂದು ಸಾರು. ಮಾಮೂಲಿ ದಾಶಿಗೆ ಬೀಳೋದು ಎರಡು ಸಾಮಾನು: ಕೊಂಬು ಅನ್ನೋ ಒಣಗಿಸಿದ ಕಡಲ ಸೊಪ್ಪು, ಮತ್ತೆ ಕತ್ಸುಓಬುಶಿ. ಕತ್ಸುಓ ಅಂದರೆ ಟ್ಯೂನಾ ಜಾತಿಯ ಮೀನು. ಅದನ್ನ ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆ ತುಂಡಿನಷ್ಟು ಗಟ್ಟಿಯಾಗೋವರೆಗೆ ಒಣಗಿಸಿ, ಬಡಗಿ ಉಜ್ಜುಗೊರಡು ಹಾಕಿದ ಹಾಗೆ ತೆಳ್ಳಗೆ ಹೆರೀತಾರೆ. ಬಿಸಿ ನೀರಲ್ಲಿ ಒಂದೆರಡು ನಿಮಿಷ ಬಿಟ್ಟು ಸೋಸಿ ಬಿಸಾಡ್ತಾರೆ. ಹಾಗಾಗಿ ತಟ್ಟೆಯಲ್ಲಿ ಮೀನು ಕಾಣಲ್ಲ, ನಮ್ಮ ಮೂಗಿಗೂ ಮೀನು ಅಂತ ಅನ್ನಿಸಲ್ಲ.

ಇದು ಎಲ್ಲೆಲ್ಲಿ ಬರುತ್ತೆ ಅಂದರೆ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಉದೊನ್ (ದಪ್ಪ ಗೋಧಿ ನೂಡಲ್ಸ್), ಸೊಬಾ (ಸೊಬಾ, ಅಂದರೆ ಬಕ್‌ವೀಟ್ ಕಾಳಿನ ನೂಡಲ್ಸ್), ಬೇಯಿಸಿದ ಕುಂಬಳಕಾಯಿ, ಪಾಲಕ್ ಬೇಯಿಸಿ ಹಿಂಡಿ ಕೊಡೋ ಒಹಿತಾಶಿ, ತರಕಾರಿ ಟೆಂಪುರಾದ ಪಕ್ಕದ ಬಟ್ಟಲು, ಒಕೊನೊಮಿಯಾಕಿ ಅನ್ನೋ ಎಲೆಕೋಸಿನ ದಪ್ಪ ದೋಸೆಯ ಹಿಟ್ಟು. ಕಗಾವಾ ಕಡೆಯ ಉದೊನ್‌ಗೆ ಕತ್ಸುಓ ಬದಲು ಇರಿಕೊ ಅನ್ನೋ ಒಣ ಸಣ್ಣ ಮೀನು. "ತರಕಾರಿ ಮಾತ್ರ ಇದೆ" ಅಂತ ಹೋಟೆಲಿನವರು ಹೇಳಿದರೆ ಅದು ಸುಳ್ಳಲ್ಲ, ದಾಶಿಯನ್ನ ಅವರು ಮೀನು ಅಂತ ಎಣಿಸೋದೇ ಇಲ್ಲ.

ಕೇಳೋ ರೀತಿ ಹೀಗಿರಲಿ:
"ನಿಕು ತೊ ಸಕಾನಾ ವ ತಾಬೆಮಾಸೆನ್." (ಮಾಂಸ, ಮೀನು ತಿನ್ನಲ್ಲ.)
"ಕತ್ಸುಓ ನೊ ದಾಶಿ ಮೊ ತಾಬೆರಾರೆಮಾಸೆನ್." (ಕತ್ಸುಓ ದಾಶಿಯೂ ಆಗಲ್ಲ.)
"ನಿಕು ನಾಶಿ" ಅಂತ ಬರೀ ಅರ್ಧ ಹೇಳಬೇಡಿ. ಅದರಲ್ಲಿ ಮೀನು ಲೆಕ್ಕಕ್ಕೇ ಬರಲ್ಲ, ಎಷ್ಟೋ ಕಡೆ ಹ್ಯಾಮ್, ಬೇಕನ್ ಕೂಡ ಬರಲ್ಲ. ಈ ಎರಡು ಸಾಲನ್ನ ಜಪಾನಿ ಲಿಪಿಯಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿ ನಾಲ್ಕು ಪ್ರತಿ ಇಟ್ಕೊಳ್ಳಿ. ಕೆಳಗೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಬೇರೆ ಬೇರೆ ಸಾಲಿನಲ್ಲಿ. ಓದಿದವರು ತಲೆ ಓರೆ ಮಾಡಿ "ಚೊತ್ತೋ..." ಅಂತ ಎಳೆದರೆ ಅದು "ಇಲ್ಲ" ಅಂತಲೇ. ಮುಂದೆ ಒತ್ತಾಯಿಸದೆ ಎದ್ದು ಬನ್ನಿ, ಅವರಿಗೂ ಸಮಾಧಾನ.

ಕೊಡೆ ಮರೆತವ
ಗುರು, ಝರು ಸೊಬಾ ನಡೆಯುತ್ತಲ್ಲ? ತಣ್ಣಗಿನ ನೂಡಲ್ಸ್, ಬಿದಿರಿನ ತಟ್ಟೆ ಮೇಲೆ ಒಣಗಿ ಬರುತ್ತೆ, ಸಾರೇ ಇರಲ್ಲ.

ಹಿತ್ತಲಗಿಡ
ಸೊಬಾ ನಡೆಯುತ್ತೆ, ಪಕ್ಕದ ಬಟ್ಟಲಲ್ಲಿರೋ ತ್ಸುಯು ನಡೆಯಲ್ಲ. ಅದು ದಾಶಿ, ಶೋಯು (ಸೋಯಾ ಸಾಸ್), ಮಿರಿನ್ (ಅಕ್ಕಿಯ ಸಿಹಿ ಮದ್ಯ) ಸೇರಿಸಿ ಮಾಡಿದ್ದು, ಕತ್ಸುಓ ಅದರಲ್ಲೇ ದಟ್ಟವಾಗಿರೋದು. "ಶಿಓ ದೆ" ಅಂದರೆ ಉಪ್ಪು ತಂದು ಕೊಡ್ತಾರೆ, ಒಳ್ಳೆ ಸೊಬಾ ಅಂಗಡಿಯಲ್ಲಿ ಉಪ್ಪು ಹಚ್ಚಿ ತಿನ್ನೋದು ವಿಚಿತ್ರವೇನಲ್ಲ. ಕೊನೆಗೆ ಕೊಡೋ ಸೊಬಾಯು, ಅಂದರೆ ನೂಡಲ್ಸ್ ಬೇಯಿಸಿದ ಬಿಸಿ ಗಂಜಿ, ಅದನ್ನ ಹಾಗೇ ಕುಡೀಬಹುದು. 'ಜೂವಾರಿ' ಅಂದರೆ ಪೂರ್ತಿ ಸೊಬಾ ಹಿಟ್ಟು, 'ನಿ-ಹಾಚಿ' ಅಂದರೆ ಶೇ 80 ಸೊಬಾ, ಶೇ 20 ಗೋಧಿ. ಸೊಬಾ ಕೆಲವರಿಗೆ ಜೋರಾದ ಅಲರ್ಜಿ ತರುತ್ತೆ. ಯಾವತ್ತೂ ತಿಂದಿಲ್ಲದವರು ಮೊದಲ ದಿನ ಎರಡು ತುತ್ತು ತಿಂದು ನೋಡೋದು ಕ್ಷೇಮ.

ಪಡುಗಡಲು
ಮಾರಾಯ್ರೆ, ಸುಶಿ ಅಂದ ಕೂಡಲೇ ಹೆದರಬೇಡಿ. ಕಪ್ಪಾ-ಮಾಕಿ ಅಂದರೆ ಸೌತೆಕಾಯಿ ಸುರುಳಿ, ಶಿಂಕೊ-ಮಾಕಿ ಅಂದರೆ ಮೂಲಂಗಿ ಉಪ್ಪಿನಕಾಯಿಯದ್ದು, ಹುಳಿ ಉಮೆ ಹಣ್ಣು, ಶಿಸೊ ಸೊಪ್ಪು ಹಾಕಿದ ಉಮೆ-ಶಿಸೊ ಇನ್ನೊಂದು. ಸುಶಿ ಅನ್ನಕ್ಕೆ ಬೀಳುವುದು ವಿನೆಗರ್, ಸಕ್ಕರೆ, ಉಪ್ಪು, ಕೆಲವೆಡೆ ಒಂದು ತುಂಡು ಕೊಂಬು. ಆದರೆ ಇನಾರಿಯ ಕಂದು ಬಣ್ಣದ ಟೋಫು ಚೀಲವನ್ನು ದಾಶಿಯಲ್ಲೇ ಬೇಯಿಸಿರ್ತಾರೆ, ಕಾಂಪ್ಯೊ (ಒಣ ಸೋರೆಕಾಯಿ ಪಟ್ಟಿ) ಸುರುಳಿಯೂ ಹಾಗೆಯೇ. ನತ್ತೊ (ಹುದುಗಿಸಿದ ಸೋಯಾ ಕಾಳು) ತಿಂತೇವೆ ಅಂತ ಧೈರ್ಯ ಇದ್ದರೆ ಡಬ್ಬಿಯೊಳಗಿನ ಸಣ್ಣ ಸಾಸ್ ಪೊಟ್ಟಣ ಬಿಸಾಡಿ, ಅದರಲ್ಲಿ ಸಾಮಾನ್ಯವಾಗಿ ಮೀನಿನ ಸತ್ವ ಉಂಟು. ಸಾಸಿವೆ ಪೊಟ್ಟಣ ಇಟ್ಟುಕೊಳ್ಳಿ, ಶೋಯು ನಿಮ್ಮದು ಹಾಕಿ. ಇನ್ನು ಸಂಜೆ ಹೊತ್ತಿನ ಇಝಕಾಯಾಗಳಲ್ಲಿ, ಅಂದರೆ ಕುಡಿತ-ತಿಂಡಿಯ ಹೋಟೆಲುಗಳಲ್ಲಿ, ನೀವು ಹೇಳದಿದ್ದರೂ ಒಂದು ಸಣ್ಣ ಬಟ್ಟಲು ಬಂದು ಕೂರ್ತದೆ, ಬಿಲ್ಲಿಗೂ ಸೇರ್ತದೆ. ಅದು ಒತೋಶಿ, ಕೂತ ಜಾಗದ ಬಾಡಿಗೆ ಅಂತ ತಿಳ್ಕೊಳ್ಳಿ. ಒಳಗೆ ಹೆಚ್ಚಾಗಿ ಮೀನೋ ಮಾಂಸವೋ.

ಅಕ್ಕಿರೊಟ್ಟಿ
ಪೊಟ್ಟಣದ ಮೇಲೆ ಅಲರ್ಜಿ ಪಟ್ಟಿ ಇರುತ್ತಂತಲ್ಲ, ಫೋನ್ ಕ್ಯಾಮೆರಾದಲ್ಲಿ ಅದನ್ನ ಓದಿಸಿದರೆ ಸಾಕಾ?

ಹಿತ್ತಲಗಿಡ
ಸಾಲದು, ತುಂಬ ಜನ ಎಡವೋದು ಇಲ್ಲೇ. ಮೊಟ್ಟೆ, ಹಾಲು, ಗೋಧಿ, ಸೊಬಾ, ಕಡಲೆಕಾಯಿ, ಸಿಗಡಿ, ಏಡಿ ಇವನ್ನೆಲ್ಲ ನಮೂದಿಸೋದು ಕಡ್ಡಾಯ. 2023ರಲ್ಲಿ ಅಕ್ರೋಟೂ ಸೇರಿತು. ಸಾಲ್ಮನ್, ಬಂಗುಡೆ, ಕೋಳಿ, ಹಂದಿ, ದನ, ಜೆಲಟಿನ್ ನಮೂದಿಸಿದರೆ ಒಳ್ಳೇದು ಅನ್ನೋ ಎರಡನೇ ಪಟ್ಟಿಯಲ್ಲಿವೆ, ಕಡ್ಡಾಯ ಅಲ್ಲ. ಕತ್ಸುಓ ಎರಡು ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅಲರ್ಜಿ ಚೌಕ ಪೂರ್ತಿ ಖಾಲಿ ಇದ್ದರೂ ಒಳಗೆ ಕತ್ಸುಓ ಇರಬಹುದು. ಮೊಟ್ಟೆಗೆ ಮಾತ್ರ ಆ ಚೌಕವನ್ನ ನಂಬಬಹುದು.

ಓದಬೇಕಾದ್ದು ಸಾಮಗ್ರಿಗಳ ಸಾಲು. ಹೆಚ್ಚು ಇರೋದು ಮೊದಲು, ಕಮ್ಮಿ ಇರೋದು ಆಮೇಲೆ. ನಡುವೆ ಒಂದು ಓರೆ ಗೆರೆ ಬರುತ್ತೆ, ಅದಾದ ಮೇಲೆ ಬರೋದೆಲ್ಲ ಬಣ್ಣ, ಸಂರಕ್ಷಕದಂಥ ಸೇರಿಕೆಗಳು. ಮೀನು, ಮಾಂಸದ ಸತ್ವಗಳು ಓರೆ ಗೆರೆಗಿಂತ ಮೊದಲೇ ಬರ್ತವೆ. 'ಗ್ಯೊಕಾಯಿ ಎಕಿಸು' ಅಂದರೆ ಮೀನು-ಚಿಪ್ಪಿನ ಸತ್ವ. ಪೋಕು ಎಕಿಸು, ಚಿಕಿನ್ ಎಕಿಸು, ಬೀಫು ಎಕಿಸು ಹೆಸರಲ್ಲೇ ಗೊತ್ತಾಗುತ್ತೆ. 'ರಾದೊ' ಅಂದರೆ ಹಂದಿ ಕೊಬ್ಬು, ಬ್ರೆಡ್ಡು ಬಿಸ್ಕತ್ತಿನಲ್ಲೂ ಸಿಗುತ್ತೆ. ಆಲೂ ಚಿಪ್ಸಿನ 'ಕನ್ಸೊಮೆ' ರುಚಿ ಅಂದರೆ ಮಾಂಸದ ಸತ್ವ. ಕರಿ ಮಾಡೋ ಕಂದು ಗಟ್ಟಿ, ಕರಿ ರೂ, ಅದರಲ್ಲಿ ಬಹುಪಾಲು ದನ ಅಥವಾ ಹಂದಿ ಕೊಬ್ಬು.

ಕ್ಯಾಮೆರಾ ಹೊಳೆಯೋ ಪ್ಲಾಸ್ಟಿಕ್ ಮೇಲೆ, ಸಣ್ಣ ಅಕ್ಷರಕ್ಕೆ ತಪ್ಪು ಓದುತ್ತೆ. ಎರಡು ಚಿತ್ರ ಕಣ್ಣಿಗೆ ರೂಢಿ ಮಾಡ್ಕೊಳ್ಳಿ. ಮಾಂಸದ ಅಕ್ಷರ: ಕೆಳಗೆ ತೆರೆದ ಬಾಗಿಲ ಚೌಕಟ್ಟು, ಒಳಗೆ ಒಂದರ ಮೇಲೊಂದು ಎರಡು ಗುಡಾರ. ಮೀನಿನ ಅಕ್ಷರ: ಮೇಲೆ ಕೊಕ್ಕೆಯಂಥ ಮಾಡು, ನಡುವೆ ನಾಲ್ಕು ಮನೆ ಕಿಟಕಿ, ಕೆಳಗೆ ಸಾಲಾಗಿ ನಾಲ್ಕು ಚುಕ್ಕೆ. ಮೀನುಗಳ ಹೆಸರಿನ ಅಕ್ಷರಗಳಲ್ಲಿ ಇದೇ ಚಿತ್ರ ಎಡಗಡೆ ಸಣ್ಣದಾಗಿ ಕೂತಿರುತ್ತೆ.

ಕೊಡೆ ಮರೆತವ
ನಾಲ್ಕು ಚುಕ್ಕೆ ಕಂಡ ತಕ್ಷಣ ಓಡಬೇಡಿ. ಕಪ್ಪು ಎಳ್ಳಿನ 'ಕುರೊ' ಅಕ್ಷರದಲ್ಲೂ ಕಿಟಕಿ ಇದೆ, ನಾಲ್ಕು ಚುಕ್ಕೆ ಇದೆ. ಮೇಲಿನ ಕೊಕ್ಕೆ ಮಾತ್ರ ಇಲ್ಲ. ಎಳ್ಳು ಬಿಸ್ಕತ್ತನ್ನ ಮೀನು ಅಂತ ವಾಪಸ್ ಇಟ್ಟು ಬರೋರು ಬಹಳ.

ಜೋಳದರೊಟ್ಟಿ
ಕೊಂಬಿನಿ, ಅಂದ್ರ ಹಗಲೂ ರಾತ್ರಿ ತೆರೆದಿರೂ ಸಣ್ಣ ಅಂಗಡಿ, ಅದರ ಬಗ್ಗೆ ಯಾರೂ ಹೇಳವಲ್ರಿ. ಮೂಲಿಮೂಲಿಗೊಂದು ಅದಾವ, ದೇಶದ ತುಂಬ 55,000ಕ್ಕೂ ಹೆಚ್ಚ. 1974ರಾಗ ಟೋಕಿಯೊದ ತೊಯೊಸುದಾಗ ಸೆವೆನ್-ಇಲೆವೆನ್ ಮೊದಲ ಅಂಗಡಿ ತೆರೀತು. ನಮಗ ನಡಿಯೂವು ಇಷ್ಟು: ಶಿಓ-ಮುಸುಬಿ (ಬರೇ ಉಪ್ಪಿನ ಅನ್ನದ ಉಂಡಿ), ಉಪ್ಪು ಹಾಕಿದ ಎದಮಾಮೆ (ಹಸಿ ಸೋಯಾ ಕಾಯಿ), ಸುಟ್ಟ ಗೆಣಸು, ಬರೇ ಟೋಫು, ಬಾಳೆಹಣ್ಣು, ಬೀಜ-ಗೋಡಂಬಿ, ಸಕ್ಕರಿ ಇಲ್ಲದ ಮಸರು. ಉಮೆ ಒನಿಗಿರಿ (ಒಳಗ ಏನರ ತುಂಬಿದ ಅನ್ನದ ಉಂಡಿ) ಅಂದ್ರ ಹುಳಿ ಉಪ್ಪಿನಕಾಯಿದು, ಹೆಚ್ಚಾಗಿ ಚಲೋನ ಇರತೈತಿ, ಆದ್ರ 'ಕತ್ಸುಓ-ಉಮೆ' ಅಂತ ಒಂದು ಐತಿ, ನೋಡಿ ತಗೋರಿ. ಕೊಂಬು ಒನಿಗಿರಿ ಒಳಗ ಕಡಲ ಸೊಪ್ಪಿದ್ದರೂ ಕತ್ಸುಓ ಸತ್ವ ಹಾಕಿರ್ತಾರ.

ಒನಿಗಿರಿ ಬಿಚ್ಚೂದಕ್ಕ 1, 2, 3 ಅಂತ ಬರೆದಿರತೈತಿ. 1 ಹಿಡದು ನಟ್ಟ ನಡುವ ಕೆಳಗ ಎಳೀಬೇಕು, ಹಿಂದಿನ ತನಕ. ಆಮ್ಯಾಲ 2, 3ರ ಮೂಲಿ ಹಿಡದು ಎರಡೂ ಕಡೆ ಜಗ್ಗಬೇಕು. ಅವಸರ ಮಾಡಿ 2ರಿಂದ ಚಾಲೂ ಮಾಡಿದ್ರ ನೊರಿ (ಸುತ್ತಿದ ಕಡಲ ಸೊಪ್ಪಿನ ಹಾಳಿ) ಹರದು ಕವರಿನ್ಯಾಗ ಉಳೀತೈತಿ. ನೊರಿ ಮತ್ತ ಅನ್ನದ ನಡುವ ಪ್ಲಾಸ್ಟಿಕ್ ಇಡೂದು ನೊರಿ ಮೆತ್ತಗಾಗಬಾರದು ಅಂತ. ತಂದದ್ದನ್ನ ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ, ಅನ್ನ ಬಿರುಸಾಗತೈತಿ. ಅಂಗಡ್ಯಾಗೂ ಅವನ್ನ ಹಾಲಿನಷ್ಟು ತಣ್ಣಗ ಇಡಂಗಿಲ್ಲ, ಸುಮಾರು 20 ಡಿಗ್ರಿ ಶೆಲ್ಫಿನ್ಯಾಗ ಇಡ್ತಾರ.

ಬೆಲೆ ಎರಡು ಬರೆದಿದ್ರ ಕಮ್ಮಿದು ತೆರಿಗಿ ಬಿಟ್ಟು, ಹೆಚ್ಚಿಂದು ತೆರಿಗಿ ಸೇರಿ. 2019ರ ಅಕ್ಟೋಬರಿನಿಂದ ತಿನಸು ಕಟ್ಟಿಸಿಕೊಂಡು ಹೋದ್ರ ಶೇ 8, ಅಲ್ಲೇ ಕುಂತು ತಿಂದ್ರ ಶೇ 10. ರೊಕ್ಕ ಕೈಗೆ ಕೊಡಬ್ಯಾಡ್ರಿ, ಕೌಂಟರ್ ಮ್ಯಾಲಿನ ತಟ್ಟ್ಯಾಗ ಇಡ್ರಿ.

ಪಡುಗಡಲು
ಸಿಹಿಯ ವಿಷಯದಲ್ಲಿ ನಾವು ಗೆದ್ದೆವು. ಅಂಕೊ ಅಂದರೆ ಕೆಂಪು ಅಜುಕಿ ಕಾಳು ಬೇಯಿಸಿ ಸಕ್ಕರೆ ಹಾಕಿ ಕಾಸಿದ್ದು, ನಮ್ಮ ಹೋಳಿಗೆ ಹೂರಣದ ಹತ್ತಿರದ ನೆಂಟ, ಏಲಕ್ಕಿ ಇಲ್ಲ ಅಷ್ಟೆ. ನುಣ್ಣಗಿದ್ದರೆ ಕೊಶಿಆನ್, ಕಾಳು ಕಾಳಾಗಿದ್ದರೆ ತ್ಸುಬುಆನ್. ದೈಫುಕು (ಅಂಕೊ ತುಂಬಿದ ಮೆತ್ತನೆ ಅಕ್ಕಿ ಉಂಡೆ), ಯೋಕನ್ (ಅಂಕೊದ ಗಟ್ಟಿ ಬಿಲ್ಲೆ) ಎರಡೂ ಸಾಮಾನ್ಯವಾಗಿ ಸಸ್ಯಾಹಾರ. ಯೋಕನ್ ಗಟ್ಟಿಯಾಗುವುದು ಕಾಂತೆನ್‌ನಿಂದ, ಅಂದರೆ ಕಡಲ ಸೊಪ್ಪಿನ ಅಗರ್. ಆದರೆ ಕಪ್ಪಿನಲ್ಲಿ ಬರುವ ಹಣ್ಣಿನ ಜೆಲ್ಲಿ, ಪುಡಿಂಗ್, ಕೆಲವು ಹಣ್ಣಿನ ಮೊಸರು ಇವುಗಳಲ್ಲಿ ಜೆಲಟಿನ್ ಇರ್ತದೆ. ಮೆಲನ್-ಪಾನ್‌ನಲ್ಲಿ (ಒಂದು ಸಿಹಿ ಬನ್) ಸಾಮಾನ್ಯವಾಗಿ ಮೆಲನ್ ಇಲ್ಲ, ಮೊಟ್ಟೆ ಉಂಟು.

ಅಕ್ಕಿರೊಟ್ಟಿ
ಸರಿ, ಹೊರಗಿಂದು ಅರ್ಥ ಆಯ್ತು. ಹಾಗಾದರೆ ಮಿಸೊ ಸಾರನ್ನ ಮನೆಯಲ್ಲೇ ಮಾಡೋಣ ಅಂದ್ರೆ ಕೊಂಬು ಎಷ್ಟು ಹೊತ್ತು ಕುದಿಸಬೇಕು?

ಹಿತ್ತಲಗಿಡ
ಕುದಿಸಲೇ ಬಾರದು. ಕುದಿಸಿದರೆ ಲೋಳೆ ಬಿಡುತ್ತೆ, ಕಹಿ ಆಗುತ್ತೆ, ಕಡಲ ಕೊಳೆ ವಾಸನೆ ಏಳುತ್ತೆ. ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲದ ಶೋಜಿನ್ (ಬೌದ್ಧ ದೇವಸ್ಥಾನದ ಸಸ್ಯಾಹಾರ) ದಾಶಿಯ ಅಳತೆ ಬರೀತೀನಿ, ಅಮ್ಮನಿಗೂ ಆಗುತ್ತೆ.

1 ಲೀಟರ್ ತಣ್ಣೀರು, 10 ಗ್ರಾಂ ಕೊಂಬು (ಅಂಗೈ ಉದ್ದದ ಒಂದು ತುಂಡು), 4 ಒಣ ಶಿಯಿತಾಕೆ ಅಣಬೆ. ಕೊಂಬಿನ ಮೇಲೆ ಬಿಳಿ ಪುಡಿ ಇರುತ್ತೆ, ಅದು ಬೂಷ್ಟಲ್ಲ, ಮ್ಯಾನಿಟಾಲ್. ರುಚಿ ಇರೋದೇ ಅಲ್ಲಿ, ನಲ್ಲಿ ಕೆಳಗೆ ಹಿಡೀಬೇಡಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ ಸಾಕು. ಎರಡನ್ನೂ ನೀರಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಲ್ಲಿಡಿ. ಅಣಬೆಯನ್ನ ಬಿಸಿ ನೀರಲ್ಲಿ ಬೇಗ ನೆನೆಸೋಕೆ ಹೋದರೆ ಕಹಿ ಬರುತ್ತೆ, ರುಚಿಯೂ ಅರ್ಧ. ಬೆಳಗ್ಗೆ ಸಣ್ಣ ಉರಿಯಲ್ಲಿ ಇಡಿ. ಪಾತ್ರೆ ತಳದಲ್ಲಿ ಸಣ್ಣ ಗುಳ್ಳೆ ಸಾಲಾಗಿ ಏಳೋಕೆ ಶುರುವಾದಾಗ ಕೊಂಬು ತೆಗೆದುಬಿಡಿ. ಅಣಬೆ ಬೇಕಿದ್ದರೆ ಇನ್ನು 10 ನಿಮಿಷ ಕುದೀಲಿ, ಆಮೇಲೆ ಹೆಚ್ಚಿ ಪಲ್ಯಕ್ಕೆ ಹಾಕಿ.

ಕೊಂಬು ಮತ್ತು ಅಣಬೆ ಯಾಕೆ ಜೋಡಿ ಅಂದರೆ, ಕೊಂಬಿನಲ್ಲಿ ಗ್ಲುಟಮೇಟ್, ಒಣ ಅಣಬೆಯಲ್ಲಿ ಗ್ವಾನಿಲೇಟ್. ಎರಡೂ ಸೇರಿದಾಗ ನಾಲಿಗೆಗೆ ಒಂದೊಂದೇ ಕೊಡೋದಕ್ಕಿಂತ ಎಷ್ಟೋ ಪಟ್ಟು ಜೋರು. ಕತ್ಸುಓದಲ್ಲಿರೋ ಇನೊಸಿನೇಟ್ ಮಾಡೋದೂ ಇದೇ ಕೆಲಸ, ಹಾಗಾಗಿ ಮೀನಿಲ್ಲದೆ ಸಪ್ಪೆ ಆಗುತ್ತೆ ಅನ್ನೋ ಭಯ ಬೇಡ. ಕೊಂಬಿನಿಂದ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ ಉಮಾಮಿ ಅಂತ 1908ರಲ್ಲಿ ಹೆಸರಿಟ್ಟವರು ಟೋಕಿಯೊದ ರಸಾಯನ ಪ್ರಾಧ್ಯಾಪಕ ಕಿಕುನಾಎ ಇಕೆದಾ.

ಮಿಸೊ ಸಾರಿಗೆ ನಾಲ್ಕು ಜನಕ್ಕೆ 800 ಮಿ.ಲೀ. ದಾಶಿ, 4 ದೊಡ್ಡ ಚಮಚ ಮಿಸೊ, 150 ಗ್ರಾಂ ಟೋಫು, ಒಣ ವಕಾಮೆ (ಇನ್ನೊಂದು ಕಡಲ ಸೊಪ್ಪು) 4 ಗ್ರಾಂ. ವಕಾಮೆ ಒಣಗಿದ್ದಾಗ ಚಹಾಪುಡಿ ಥರ ಕಾಣುತ್ತೆ, ಒಂದು ಹಿಡಿ ಹಾಕೋಣ ಅನ್ನಿಸುತ್ತೆ. ಹಾಕಬೇಡಿ, ನೆನೆದರೆ ಹತ್ತು ಪಟ್ಟು ಉಬ್ಬಿ ಪಾತ್ರೆ ತುಂಬ ಅದೇ ಆಗುತ್ತೆ. ಟೋಫು, ವಕಾಮೆ ಬೆಂದ ಮೇಲೆ ಒಲೆ ಆರಿಸಿ, ಮಿಸೊವನ್ನ ಸೌಟಿನಲ್ಲಿ ಕದಡಿ ಬೆರೆಸಿ. ಮಿಸೊ ಹಾಕಿದ ಮೇಲೆ ಕುದಿಸಿದರೆ ಪರಿಮಳ ಹೋಗುತ್ತೆ. ಮಿಸೊ ಕೊಳ್ಳುವಾಗ 'ದಾಶಿ-ಇರಿ' ಅಂತಿದ್ದರೆ ಬಿಡಿ, ಅದರಲ್ಲಿ ದಾಶಿ ಮೊದಲೇ ಬೆರೆಸಿರುತ್ತೆ. ಸೋಯಾ, ಅಕ್ಕಿ, ಉಪ್ಪು ಇಷ್ಟೇ ಇರೋ ಮಿಸೊ ಬೇಕು.

ಸೊಬಾಗೆ ಅದ್ದೋ ರಸವೂ ಇದೇ ದಾಶಿಯಲ್ಲಿ: ದಾಶಿ 4 ಪಾಲು, ಶೋಯು 1, ಮಿರಿನ್ 1. ಮಿರಿನ್‌ನಲ್ಲಿ ಶೇ 14ರಷ್ಟು ಮದ್ಯ ಇರುತ್ತೆ, ಮೊದಲು ಅದನ್ನೊಂದೇ ಕುದಿಸಿ ಹಾರಿಸ್ತಾರೆ. ಅದೂ ಬೇಡ ಅಂದರೆ ಸಕ್ಕರೆ ಹಾಕಿ, ಏನೂ ಕೆಡಲ್ಲ.

ಕೊಡೆ ಮರೆತವ
ಇಷ್ಟೆಲ್ಲ ಮಾಡೋ ಬದಲು ಪುಳಿಯೋಗರೆ ಗೊಜ್ಜು ಒಯ್ದು ಬಿಡಿ ಅಂತ ನನ್ನ ಓಟು. 200 ಗ್ರಾಂ ಅನ್ನದ ಪೊಟ್ಟಣ ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಮುಚ್ಚಳ ಚುಕ್ಕೆ ಗೆರೆಯವರೆಗೆ ಬಿಡಿಸಿ, ಮೈಕ್ರೋವೇವ್‌ನಲ್ಲಿ 500 ವ್ಯಾಟ್‌ಗೆ 2 ನಿಮಿಷ. ಅಗಲ ತಟ್ಟೆಗೆ ಸುರಿದು 5 ನಿಮಿಷ ಆರಲಿ, ಒಂದು ಚಮಚ ಎಣ್ಣೆ ಹಾಕಿ ಫೋರ್ಕಿನಲ್ಲಿ ಬಿಡಿಸಿ, ಆಮೇಲೆ 2 ಚಮಚ ಗೊಜ್ಜು. ಬಿಸಿ ಇದ್ದಾಗಲೇ ಸೌಟು ಆಡಿಸಿದರೆ ಪುಳಿಯೋಗರೆ ಉಂಡೆ ಆಗುತ್ತೆ. ಪುಡಿ, ಗೊಜ್ಜು ನಡೆಯುತ್ತೆ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿ ಮಾತ್ರ ಚೀಲದಲ್ಲಿ ಇಡಬೇಡಿ, ಸಸ್ಯ ತಪಾಸಣೆ ಪ್ರಮಾಣಪತ್ರ ಇಲ್ಲದೆ ಬಿಡಲ್ಲ. ಅಕ್ಕಿ, ಬೇಳೆಯನ್ನೂ ಒಯ್ಯೋ ಗೋಜು ಬೇಡ. ಟೋಕಿಯೊದ ನಿಶಿ-ಕಸಾಯಿ, ಶಿನ್-ಒಕುಬೊ ಕಡೆ ಸೋನಾ ಮಸೂರಿ, ಉದ್ದಿನಬೇಳೆ, ತೊಗರಿಬೇಳೆ ಎಲ್ಲ ಸಿಗುತ್ತೆ.

ಜೋಳದರೊಟ್ಟಿ
ಅವರ ಅಕ್ಕಿಲೇ ದ್ವಾಸಿ ಆಗತೈತೇನ್ರಿ?

ಹಿತ್ತಲಗಿಡ
ಆಗುತ್ತೆ, ಆದರೆ ಜಗ್ಗಾಡಬೇಕು. ಕೊಶಿಹಿಕಾರಿಯಂಥ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಕಮ್ಮಿ, ಅಂಟು ಜಾಸ್ತಿ. ಮೂರಕ್ಕೆ ಒಂದು ಉದ್ದಿನಬೇಳೆ ಹಾಕಿ, ಜೊತೆಗೆ 2 ಚಮಚ ಕಡಲೆಬೇಳೆ, 1 ಚಮಚ ಮೆಂತ್ಯ. ಅಕ್ಕಿ 2 ಗಂಟೆಗಿಂತ ಹೆಚ್ಚು ನೆನೆಸಬೇಡಿ, ರುಬ್ಬುವಾಗ ನೀರು ಕಮ್ಮಿ, ನುಣ್ಣಗೆ ಬೇಡ, ರವೆ ರವೆ ಇರಲಿ. ಆದರೂ ಗರಿಗರಿ ಬರಲ್ಲ, ಸೆಟ್ ದೋಸೆ ಅಂತ ತಿನ್ನಿ. ಇಡ್ಲಿಗೆ ಈ ಅಕ್ಕಿ ಬೇಡವೇ ಬೇಡ, ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತೆ. ಆದರೆ ಬಿಸಿಬೇಳೆಬಾತ್, ಪೊಂಗಲ್, ಮೊಸರನ್ನಕ್ಕೆ ನಮ್ಮ ಅಕ್ಕಿಗಿಂತ ಚೆನ್ನಾಗಿ ಹೊಂದುತ್ತೆ. ಚಿತ್ರಾನ್ನಕ್ಕೆ ಸೋನಾ ಮಸೂರಿಯೇ ತನ್ನಿ.

ಅಲ್ಲಿನ ಅಕ್ಕಿ ಅಳತೆ 'ಗೋ': 180 ಮಿ.ಲೀ. ಲೋಟ, 150 ಗ್ರಾಂ ಅಕ್ಕಿ. ಒಂದು ಗೋಗೆ ಸುಮಾರು 200 ಮಿ.ಲೀ. ನೀರು. ತೊಳೆದು ಅರ್ಧ ಗಂಟೆ ನೆನೆಸಿ, ಚಳಿ ಇದ್ದರೆ ಒಂದು ಗಂಟೆ. ಚೀಲದ ಮೇಲೆ 'ಮುಸೆನ್‌ಮಾಯಿ' ಅಂತಿದ್ದರೆ ತೊಳೆಯೋದು ಬೇಡ, ಒಂದು ಗೋಗೆ ಒಂದೆರಡು ದೊಡ್ಡ ಚಮಚ ನೀರು ಹೆಚ್ಚು ಹಾಕಿ.

ಅಕ್ಕಿರೊಟ್ಟಿ
ಮೊಸರು! ಯಾರೂ ಮೊಸರಿಗೆ ಬರ್ತಿಲ್ಲ.

ಪಡುಗಡಲು
ಹಾಲಿನ ಡಬ್ಬ ಆರಿಸುವುದಕ್ಕೆ ಒಂದು ಗುಟ್ಟು ಹೇಳ್ತೇನೆ, ಅಕ್ಷರ ಬರಬೇಕೆಂದೇ ಇಲ್ಲ. 500 ಮಿ.ಲೀ. ಅಥವಾ 1 ಲೀಟರ್ ಕಾಗದದ ಡಬ್ಬದ ಮಾಡಿನ ಹಾಗಿರುವ ಮೇಲ್ತುದಿಯನ್ನು ಬೆರಳಲ್ಲಿ ಸವರಿ. ಒಂದು ಕಡೆ ಅರ್ಧಚಂದ್ರದ ಕಚ್ಚು ಉಂಟಾ? ಹಾಗಾದರೆ ಅದು 'ಗ್ಯೂನ್ಯೂ', ಏನೂ ಬೆರೆಸದ ಹಾಲು. ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಮಾಡಿದ ಗುರುತು ಅದು. ಕೊಬ್ಬು ತೆಗೆದ ಹಾಲು, ಕ್ಯಾಲ್ಸಿಯಂ ಸೇರಿಸಿದ ಹಾಲಿನ ಪಾನೀಯ, ಸೋಯಾ ಹಾಲು, ಹಣ್ಣಿನ ರಸ ಇವಕ್ಕೆ ಆ ಕಚ್ಚು ಇಲ್ಲ. ಎಲ್ಲ ಕಂಪನಿಗಳೂ ಹಾಕಲೇಬೇಕು ಅಂತ ಕಾನೂನಿಲ್ಲ, ಆದರೆ ಕಚ್ಚು ಇದ್ದರೆ ನಿಶ್ಚಿಂತೆ. ಡಬ್ಬ ಬಿಚ್ಚುವುದು ಕಚ್ಚಿನ ಎದುರು ಬದಿಯಿಂದ. ಗ್ಯೂನ್ಯೂ ಅಂದರೆ ಕೊಬ್ಬು ಕನಿಷ್ಠ ಶೇ 3.

ಬಹುಪಾಲು ಹಾಲನ್ನು 130 ಡಿಗ್ರಿಯಲ್ಲಿ 2 ಸೆಕೆಂಡು ಕಾಯಿಸಿರ್ತಾರೆ, ಆದ್ದರಿಂದ ಮತ್ತೆ ಕುದಿಸುವ ಅಗತ್ಯ ಇಲ್ಲ, ಉಗುರುಬೆಚ್ಚಗೆ ಮಾಡಿದರೆ ಸಾಕು. ಕೊಬ್ಬನ್ನು ಒಡೆದು ಬೆರೆಸಿರುವುದರಿಂದ ಕೆನೆ ಮಾತ್ರ ಕಟ್ಟುವುದಿಲ್ಲ, ಬೆಣ್ಣೆ ಕಡೆಯುವ ಆಸೆ ಬಿಡಿ. ಹೆಪ್ಪಿಗೆ 'ಮುತೋ', ಅಂದರೆ ಸಕ್ಕರೆ ಇಲ್ಲದ 400 ಗ್ರಾಂ ಡಬ್ಬದ ಮೊಸರು ತನ್ನಿ.

500 ಮಿ.ಲೀ. ಹಾಲು, 2 ದೊಡ್ಡ ಚಮಚ ಹೆಪ್ಪು. ಸ್ಟೀಲ್ ಥರ್ಮಾಸ್‌ಗೆ ಮೊದಲು ಕುದಿನೀರು ಹಾಕಿ ಚೆಲ್ಲಿ, 43-45 ಡಿಗ್ರಿ ಹಾಲಿಗೆ ಹೆಪ್ಪು ಕದಡಿ ತುಂಬಿಸಿ ಮುಚ್ಚಿ. ಥರ್ಮಾಮೀಟರ್ ಇಲ್ಲದಿದ್ದರೆ ಕಿರುಬೆರಳು ಅದ್ದಿ 10 ಎಣಿಸುವವರೆಗೆ ತಡೆಯುವಷ್ಟು ಬಿಸಿ. 6ರಿಂದ 8 ಗಂಟೆಯಲ್ಲಿ ಗಟ್ಟಿ ಮೊಸರು. ಅಡುಗೆಕಟ್ಟೆ ಮೇಲೆ ಹಾಗೇ ಇಟ್ಟರೆ ಏಪ್ರಿಲ್‌ನ ರಾತ್ರಿಗೆ ಹೆಪ್ಪಾಗುವುದಿಲ್ಲ, ಬೆಳಿಗ್ಗೆ ಹಾಲು ಹಾಲಾಗಿಯೇ ಇರ್ತದೆ. 'ಕಾಸುಪಿಕಾಯಿ' ಅನ್ನುವ ಮೊಸರು 20-30 ಡಿಗ್ರಿಯಲ್ಲೇ ಹೆಪ್ಪಾಗ್ತದೆ, ಆದರೆ ಎಳೆ ಎಳೆಯಾಗಿ ನೂಲು ಬರ್ತದೆ. ಅಮ್ಮ ನೋಡಿದರೆ ಕೆಟ್ಟಿದೆ ಅಂತ ಚೆಲ್ಲಿಯಾರು.

ವೋಲ್ಟ್‌ಮೀಟರ್
ಮಿಕ್ಸಿ ಪ್ರಶ್ನೆಗೆ: ಬೇಡ. ಅಲ್ಲಿ 100 ವೋಲ್ಟ್, ಇಲ್ಲಿ 230. ಅದೇ ಸಾಮಾನನ್ನ ಅಲ್ಲಿ ಚುಚ್ಚಿದರೆ ಶಕ್ತಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತೆ, ಹತ್ತಿರ ಹತ್ತಿರ ಶೇ 19. 1500 ವ್ಯಾಟ್‌ನ ಕೆಟಲ್ ಅಲ್ಲಿ 280 ಚಿಲ್ಲರೆ ವ್ಯಾಟ್, ನೀರು ಬಿಸಿ ಆಗೋಷ್ಟರಲ್ಲಿ ನೀವು ದೇವಸ್ಥಾನ ನೋಡಿ ಬರಬಹುದು. 750 ವ್ಯಾಟ್ ಮಿಕ್ಸಿ ಗುರ್ ಅನ್ನುತ್ತೆ, ಉದ್ದು ತಿರುಗಲ್ಲ, ಸಿಕ್ಕಿಹಾಕಿಕೊಂಡು ನಿಂತರೆ ಮೋಟರ್ ಸುಡುತ್ತೆ. ಟ್ರಾನ್ಸ್‌ಫಾರ್ಮರ್ ಅಂದರೆ ಶುರುವಿನ ಎಳೆತಕ್ಕಾಗಿ 1500 ವ್ಯಾಟ್‌ನದ್ದು ಬೇಕು, ಸಾಮಾನ್ಯ ಸಾಕೆಟ್‌ನ ಮಿತಿಯೇ 15 ಆಂಪಿಯರ್, ಅಂದರೆ 1500 ವ್ಯಾಟ್. ಮೂರು ವಾರಕ್ಕೆ ಅಷ್ಟು ಭಾರ ಹೊರಬೇಡಿ. ದೀರ್ಘ ಕಾಲಕ್ಕೆ ಹೋಗೋರು ಇಲ್ಲೇ ಸಿಗೋ 110 ವೋಲ್ಟ್ ಮಾದರಿ ಒಯ್ಯಬಹುದು, ಸ್ವಲ್ಪ ನಿಧಾನ ಅಷ್ಟೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ 100-240 ಅಂತಿದ್ದರೆ ತೊಂದರೆ ಇಲ್ಲ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು.

ಒಲೆ ಇನ್ನೊಂದು ವಿಷಯ. 2008ರಿಂದ ಮನೆಯ ಗ್ಯಾಸ್ ಒಲೆಗಳ ಎಲ್ಲ ಬರ್ನರಿಗೂ ಶಾಖದ ಸೆನ್ಸರ್ ಕಡ್ಡಾಯ. ಬರ್ನರಿನ ನಟ್ಟನಡುವೆ ಸ್ಪ್ರಿಂಗ್ ಮೇಲೆ ಕೂತ ಗುಂಡಿ ಕಾಣುತ್ತಲ್ಲ, ಅದೇ. ಪಾತ್ರೆ ತಳ ಸುಮಾರು 250 ಡಿಗ್ರಿ ಮುಟ್ಟಿದರೆ ಉರಿ ತಾನೇ ಸಣ್ಣ ಆಗುತ್ತೆ, ಆಮೇಲೆ ಆರುತ್ತೆ. ಎರಡನೇ ದೋಸೆ ಹೊತ್ತಿಗೆ "ಒಲೆ ಕೆಟ್ಟಿದೆ" ಅಂತ ಮನೆ ಮಾಲೀಕರಿಗೆ ಫೋನ್ ಹೋಗೋದು ಇದರಿಂದಲೇ. ಖಾಲಿ ಕಾವಲಿ ಕಾಯಿಸಬೇಡಿ, ನಡು ಉರಿಯಲ್ಲೇ ಇಡಿ. ಬಹಳ ಒಲೆಗಳಲ್ಲಿ ಮಿತಿ ಏರಿಸೋ ಬಟನ್ ಇರುತ್ತೆ, 3 ಸೆಕೆಂಡು ಒತ್ತಿ ಹಿಡಿದರೆ 290ರ ಆಸುಪಾಸಿಗೆ ಹೋಗುತ್ತೆ. ಗುಂಡು ತಳದ ಬಾಣಲೆ ಆ ಗುಂಡಿ ಮೇಲೆ ಅಲ್ಲಾಡುತ್ತೆ, ಚಪ್ಪಟೆ ತಳದ್ದು ಬಳಸಿ. ಬಾಡಿಗೆ ಮನೆಯಲ್ಲಿ ಐಎಚ್ ಒಲೆ, ಅಂದರೆ ಇಂಡಕ್ಷನ್ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಕಾಯೋದೇ ಇಲ್ಲ, ಹೊರಡೋ ಮೊದಲು ಕೇಳಿ. ಒಗ್ಗರಣೆಗೆ ಮುಂಚೆ ಫ್ಯಾನ್ ಹಾಕಿ. ಮೆಣಸಿನಕಾಯಿ ಘಾಟು ಹೊಗೆ ಅಲಾರಂಗೂ ತಟ್ಟುತ್ತೆ, ಪಕ್ಕದ ಮನೆಗೂ.

ಜೋಳದರೊಟ್ಟಿ
ಕೊಯಾಸಾನದಾಗ ಅಮ್ಮಾರಿಗೆ ಏನೂ ತ್ರಾಸಿಲ್ಲ. ಅಲ್ಲಿ ಶೋಜಿನ್ ರ್ಯೋರಿ, ಮಾಂಸ ಮೀನದ ಜೋಡಿ ಉಳ್ಳಾಗಡ್ಡಿ, ಬಳ್ಳೊಳ್ಳಿನೂ ನಿಷೇಧ. ಎಳ್ಳು ಮತ್ತ ಕುಝು ಗೆಡ್ಡಿ ಹಿಟ್ಟಿನ ಗೊಮಾ-ದೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೊಯಾ-ದೋಫು ಅಲ್ಲಿಯ ವಿಶೇಷ. ಹಾಲು ಮಸರು ಊಟದಾಗ ಬರಂಗಿಲ್ಲ. ರಾತ್ರಿ ಊಟ 6ರ ಸುಮಾರಿಗೇ ಇರತೈತಿ, ಅಂಗಡಿ ಲಗೂನ ಮುಚ್ಚತಾವ, ಕುರುಕಲು ಕೈಯಾಗ ಇರ್ಲಿ. ಊರು ಸುಮಾರು 800 ಮೀಟರ್ ಎತ್ತರದಾಗ ಐತಿ, ಏಪ್ರಿಲ್‌ನಾಗೂ ಸ್ವೆಟರ್ ಬೇಕು. ಒಸಾಕಾದ ನಾಂಬಾದಿಂದ ನಾಂಕಾಯಿ ರೈಲು ಗೊಕುರಾಕುಬಾಶಿ ತನಕ, ಅಲ್ಲಿಂದ ಕೇಬಲ್ ಕಾರು, ಮ್ಯಾಲ ಬಸ್ಸು.

ಕ್ಯೋಟೊದ ನಾನ್‌ಝೆನ್‌ಜಿ ಕಡೆ ಯುದೋಫು (ಬಿಸಿ ನೀರಾಗ ಕಾಸಿದ ಟೋಫು) ಅಂಗಡಿ ಅದಾವ. ಪಾತ್ರ್ಯಾಗಿನ ನೀರು ಕೊಂಬುದು, ಚಲೋ. ಅದ್ದೂ ಬಟ್ಟಲಿಂದು ಮತ್ತ ಅದ ಕತ್ಸುಓ. ಬರೇ ಶೋಯು ಕೇಳ್ರಿ.

ಕೊಡೆ ಮರೆತವ
ಸಣ್ಣಪುಟ್ಟದ್ದು: ಊಟದ ಟಿಕೆಟ್ ಮಷೀನಿಗೆ ಮೊದಲು ದುಡ್ಡು, ಆಮೇಲೆ ಬಟನ್. 2024ರ ಜುಲೈನಲ್ಲಿ ಬಂದ ಹೊಸ ನೋಟನ್ನ ಹಳೇ ಮಷೀನುಗಳು ಉಗಿಯುತ್ತವೆ, 100 ಯೆನ್ ನಾಣ್ಯ ಕೂಡಿಟ್ಕೊಳ್ಳಿ. ಪಾನೀಯದ ಮಷೀನಿನಲ್ಲಿ ಕೆಳಗೆ ನೀಲಿ ಪಟ್ಟಿ ಇದ್ದರೆ ತಣ್ಣಗೆ, ಕೆಂಪಿದ್ದರೆ ಬಿಸಿ. ಎಸ್ಕಲೇಟರಿನಲ್ಲಿ ಟೋಕಿಯೊದಲ್ಲಿ ಎಡಕ್ಕೆ ನಿಲ್ತಾರೆ, ಒಸಾಕಾದಲ್ಲಿ ಬಲಕ್ಕೆ. ಟೋಕಿಯೊ-ಕ್ಯೋಟೊ ಬುಲೆಟ್ ರೈಲು ಶಿಂಕಾನ್‌ಸೆನ್‌ಗೆ ಉದ್ದ, ಅಗಲ, ಎತ್ತರ ಕೂಡಿ 160 ಸೆ.ಮೀ. ದಾಟಿದ ಸೂಟ್‌ಕೇಸ್ ಇದ್ದರೆ ಅದಕ್ಕೆ ಜಾಗ ಇರೋ ಸೀಟನ್ನೇ ಮುಂಗಡ ಮಾಡಿ, ಮಾಡದಿದ್ದರೆ 1000 ಯೆನ್. ರಸ್ತೆಯಲ್ಲಿ ಕಸದ ಬುಟ್ಟಿ ಸಿಗಲ್ಲ, ಚೀಲದಲ್ಲೊಂದು ಕವರ್ ಇಟ್ಕೊಂಡು ಮನೆಗೆ ತನ್ನಿ.

ಅಕ್ಕಿರೊಟ್ಟಿ
ತಂದ ಕಸವನ್ನ ಮನೆಯಲ್ಲಿ ಏನು ಮಾಡೋದು?

ಹಿತ್ತಲಗಿಡ
ಗೋಡೆ ಮೇಲೆ ವಾರದ ಪಟ್ಟಿ ಅಂಟಿಸಿರ್ತಾರೆ, ಅದೇ ಪ್ರಮಾಣ, ಊರಿಂದೂರಿಗೆ ಬದಲಾಗುತ್ತೆ. ತರಕಾರಿ ಸಿಪ್ಪೆ, ಎಣ್ಣೆ ಮೆತ್ತಿದ ಕಾಗದ ಸುಡೋ ಕಸಕ್ಕೆ. ಸಿಂಕಿನ ಮೂಲೆಯ ಜರಡಿಯಲ್ಲಿ ಸಿಪ್ಪೆಯ ನೀರು ಪೂರ್ತಿ ಹಿಂಡಿ ಹಾಕಿ. ಪೆಟ್ ಬಾಟಲಿ ಅಂದರೆ ಮೂರು ಕಸ: ಮುಚ್ಚಳ ಬೇರೆ, ಸುತ್ತಿದ ಹಾಳೆ ಬೇರೆ, ತೊಳೆದು ಚಪ್ಪಟೆ ಮಾಡಿದ ಬಾಟಲಿ ಬೇರೆ. ಹಾಲಿನ ಡಬ್ಬ ತೊಳೆದು, ಕತ್ತರಿಯಲ್ಲಿ ಬಿಡಿಸಿ, ಒಣಗಿಸಿ ಕಟ್ಟಬೇಕು. ಕ್ಯೋಟೊದಲ್ಲಿ ಸುಡೋ ಕಸಕ್ಕೆ ನಗರದವರ ಹಳದಿ ಚೀಲವೇ ಆಗಬೇಕು, ಅಂಗಡಿಯಲ್ಲಿ ಸಿಗುತ್ತೆ. ಟೋಕಿಯೊ 23 ವಾರ್ಡುಗಳಲ್ಲಿ ಒಳಗಿದ್ದದ್ದು ಕಾಣೋ ಯಾವ ಚೀಲವಾದರೂ ನಡೆಯುತ್ತೆ. ಹಿಂದಿನ ರಾತ್ರಿ ಇಡಬೇಡಿ, ಆ ದಿನ ಬೆಳಗ್ಗೆ 8ರ ಒಳಗೆ, ಬಲೆ ಎತ್ತಿ ಅದರ ಕೆಳಗೆ. ಬಲೆ ಅಲ್ಲಿನ ಕಾಗೆಗಳಿಗಾಗಿ, ನಮ್ಮ ಕಾಗೆಗಿಂತ ದೊಡ್ಡವು.

ಪೂರಿ, ಬಜ್ಜಿ ಕರಿದ ಎಣ್ಣೆ ಸಿಂಕಿಗೆ ಬೇಡ. ಎಣ್ಣೆ ಗಟ್ಟಿ ಮಾಡೋ ಪುಡಿ ಸಿಗುತ್ತೆ. ಒಲೆ ಆರಿಸಿದ ಕೂಡಲೇ ಎಣ್ಣೆ ಬಿಸಿ ಇರುವಾಗ ಕದಡಿ, ತಣ್ಣಗಾದರೆ ಮೇಣದ ಹಾಗೆ ಬಿಲ್ಲೆಯಾಗಿ ಎದ್ದು ಬರುತ್ತೆ, ಸುಡೋ ಕಸಕ್ಕೆ ಹಾಕಿ. ತಣ್ಣಗಿನ ಎಣ್ಣೆಗೆ ಹಾಕಿದರೆ ಪುಡಿ ಕರಗಲ್ಲ.

ಅಕ್ಕಿರೊಟ್ಟಿ
ಕೊನೇ ಪ್ರಶ್ನೆ. ಅಲ್ಲಿಂದ ಒಂದು ರೈಸ್ ಕುಕ್ಕರ್ ತರೋ ಯೋಚನೆ ಇದೆ.

ವೋಲ್ಟ್‌ಮೀಟರ್
ಸಾಮಾನ್ಯ ಅಂಗಡಿಯ 100 ವೋಲ್ಟ್ ಕುಕ್ಕರ್ ಇಲ್ಲಿ 230ಕ್ಕೆ ಚುಚ್ಚಿದರೆ ಐದು ಪಟ್ಟು ಶಕ್ತಿ, ಮೊದಲ ಸೆಕೆಂಡಿನಲ್ಲೇ ಫ್ಯೂಸ್ ಹೋಗುತ್ತೆ. ಟೋಕಿಯೊದ ಅಕಿಹಾಬಾರಾದಲ್ಲಿ ಪ್ರವಾಸಿಗರಿಗೆ ಅಂತ ವಿದೇಶಿ ಮಾದರಿ ಇಟ್ಟಿರ್ತಾರೆ. ಡಬ್ಬಿ ನಂಬಬೇಡಿ, ಕುಕ್ಕರ್ ತಿರುಗಿಸಿ ತಳದ ಚೀಟಿ ಓದಿ: 220-230 ಅಥವಾ 220-240 ವೋಲ್ಟ್, 50 ಹರ್ಟ್ಸ್ ಅಂತಿರಬೇಕು. ನಾಲ್ಕು ಜನಕ್ಕೆ 5.5 ಗೋ ಮಾದರಿ, ಅಂದರೆ 1 ಲೀಟರಿನದ್ದು. ಒಳಪಾತ್ರೆಯ ಗೆರೆಗಳು ಅವರ ಅಕ್ಕಿಯ ಲೆಕ್ಕ. ಸೋನಾ ಮಸೂರಿಗೆ ಗೆರೆ ನೋಡದೆ ಒಂದು ಲೋಟಕ್ಕೆ ಎರಡು ಲೋಟ ನೀರು ಅಳೆದು ಹಾಕಿ, 3 ಲೋಟ ಅಕ್ಕಿ ದಾಟಬೇಡಿ, ದಾಟಿದರೆ ಹಬೆ ಕಿಂಡಿಯಿಂದ ಗಂಜಿ ಉಕ್ಕಿ ಗುಂಡಿಗಳ ಮೇಲೆ ಇಳಿಯುತ್ತೆ.